ಮೇಲೆ ಹುಡುಕಿ ನೋಡಿ

2022ರ ನವೆಂಬರ್. ಪುಣೆಯ ನಮ್ಮ ಭಾಗದ ಕನ್ನಡಿಗರು ಸೇರಿ, ಒಂದು ಸಣ್ಣ ಹಾಲ್ ಬಾಡಿಗೆಗೆ ಹಿಡಿದು ರಾಜ್ಯೋತ್ಸವ ಮಾಡಿದ್ದೆವು. ಕೊರೊನಾದಿಂದಾಗಿ ನಿಂತುಹೋಗಿದ್ದ ಕಾರ್ಯಕ್ರಮ ಮತ್ತೆ ಶುರುವಾದ ವರ್ಷ. ಬೆಳಿಗ್ಗೆ ಸ್ವಾಗತ ಭಾಷಣ ಮಾಡಿದವನು ನಾನೇ. ಮಧ್ಯಾಹ್ನ ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಿದ್ದಾಗ, ಬಿಸಿಬೇಳೆಬಾತ್ ಬಡಿಸುತ್ತಿದ್ದ ಹುಡುಗ ನನ್ನನ್ನು ನೋಡಿ, "ನಾನೂ ನಿಮ್ಮ ಗ್ರೂಪಿನ್ಯಾಗ ಇದ್ದೆ ರೀ ಸರ" ಅಂದ.

"ಹೌದಾ! ಈಗ ಇಲ್ವಾ?"

"ಇಲ್ರಿ. ನೀವೇ ತಗದ್ರಿ."

ನಗುತ್ತಲೇ ಹೇಳಿದ. ಹೇಳಿ ಇನ್ನೊಂದು ಸೌಟು ಹಾಕಿದ. ನನ್ನ ಹಿಂದೆ ಜನ ಇದ್ದರು, ಮುಂದೆ ನಡೆಯಬೇಕಾಯಿತು. ಆದರೆ ಆ ದಿನದ ಊಟ ಗಂಟಲಿನಲ್ಲಿ ಸರಿಯಾಗಿ ಇಳಿಯಲಿಲ್ಲ. ಪಾತ್ರೆ ಎತ್ತಿಡುವ ಹೊತ್ತಿಗೆ ಅವನನ್ನು ಹುಡುಕಿಕೊಂಡು ಹೋಗಿ ಮಾತಿಗೆ ಕೂತೆ.

ಅವನು ಹೇಳಿದ್ದನ್ನು ಬರೆಯುವ ಮೊದಲು ನಮ್ಮ ಗುಂಪಿನ ಕಥೆ ಹೇಳಬೇಕು. 2015ರಲ್ಲಿ ಹಿಂಜವಡಿ, ವಾಕಡ್ ಕಡೆ ಇರುವ ನಾವು ಒಂಬತ್ತು ಜನ ಸೇರಿ ವಾಟ್ಸಾಪ್ ಗುಂಪು ಮಾಡಿದೆವು. ಆಗ ಒಂದು ಗುಂಪಿಗೆ ನೂರೇ ಜನ. 2016ರಲ್ಲಿ ವಾಟ್ಸಾಪ್ ಆ ಮಿತಿಯನ್ನು 256ಕ್ಕೆ ಏರಿಸಿತು. ಎರಡೇ ವರ್ಷದಲ್ಲಿ ಅದೂ ತುಂಬಿತು. ಬಾಡಿಗೆ ಮನೆ, ಕನ್ನಡ ಸಿನಿಮಾದ ಟಿಕೆಟ್, ಊರಿಗೆ ಹೋಗುವ ಕಾರಿನಲ್ಲಿ ಖಾಲಿ ಸೀಟು, ಅಕ್ಕಿರೊಟ್ಟಿ ಎಲ್ಲಿ ಸಿಗುತ್ತದೆ, ಎಲ್ಲವೂ ಅಲ್ಲೇ. ಗುಂಪು ಬೆಳೆದಂತೆ ನಿಯಮಗಳೂ ಬೆಳೆದವು. ಕನ್ನಡ ಲಿಪಿಯಲ್ಲೇ ಬರೆಯಬೇಕು. ಗುಡ್ ಮಾರ್ನಿಂಗ್ ಚಿತ್ರ ಹಾಕಬಾರದು. ಒಮ್ಮೆ ಚರ್ಚೆಯಾದದ್ದನ್ನು ಮತ್ತೆ ಕೇಳಬಾರದು.

ನಿಯಮ ಎಲ್ಲರಿಗೂ ಒಂದೇ ಅಂತ ನಾವು ಹೇಳಿಕೊಳ್ಳುತ್ತಿದ್ದೆವು. ನಿಜದಲ್ಲಿ ಹಾಗಿರಲಿಲ್ಲ. ಮೊದಲ ಒಂಬತ್ತು ಜನರಲ್ಲಿ ಒಬ್ಬರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಹಾಕುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಸಬರು ಹಾಕಿದರೆ ಐದು ನಿಮಿಷದಲ್ಲಿ ಎಚ್ಚರಿಕೆ. ಊರಿನಲ್ಲಿ ಹಿರಿತನ ವಯಸ್ಸಿನಿಂದ ಬರುತ್ತದೆ, ಆಫೀಸಿನಲ್ಲಿ ಹುದ್ದೆಯಿಂದ. ಇಲ್ಲಿ ಯಾರು ಯಾವ ತಾರೀಖಿಗೆ ಸೇರಿದರು ಅನ್ನುವುದೇ ಹಿರಿತನ. ಮೂವತ್ತು ವರ್ಷದ ಹಳೆ ಸದಸ್ಯ ಐವತ್ತೈದರ ಹೊಸ ಸದಸ್ಯರಿಗೆ "ನಿಯಮ ಓದಿಕೊಳ್ಳಿ" ಅನ್ನಬಹುದಿತ್ತು, ಅಂದಿದ್ದೂ ಉಂಟು.

ಹುಡುಗ ಕಲಬುರಗಿ ಕಡೆಯವನು. 2019ರ ಜೂನ್‌ನಲ್ಲಿ ಮೊದಲ ಕೆಲಸಕ್ಕೆಂದು ಪುಣೆಗೆ ಬಂದ. ಯಾರೋ ಗೆಳೆಯನ ಮೂಲಕ ನಮ್ಮ ಗುಂಪಿಗೆ ಸೇರಿ, ಎರಡನೇ ದಿನ ಒಂದು ಪ್ರಶ್ನೆ ಕೇಳಿದ: ಹಿಂಜವಡಿ ಹತ್ತಿರ ಕನ್ನಡದವರು ನಡೆಸುವ ಪಿಜಿ ಇದೆಯಾ, ಜೋಳದ ರೊಟ್ಟಿ ಊಟ ಸಿಗುತ್ತದಾ? ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾನು ಉತ್ತರ ಕೊಟ್ಟೆ: "ದಯವಿಟ್ಟು ಕನ್ನಡ ಲಿಪಿ ಬಳಸಿ. ಈ ವಿಷಯ ಹತ್ತು ಸಲ ಚರ್ಚೆಯಾಗಿದೆ. ಮೇಲೆ ಹುಡುಕಿ ನೋಡಿ." ನನ್ನ ಮಾತಿಗೆ ಮೂವರು ಹೆಬ್ಬೆರಳು ಹಾಕಿದರು. ಅವನು ಮತ್ತೆ ಬಾಯಿ ಬಿಡಲಿಲ್ಲ.

ಅಕ್ಟೋಬರ್‌ನಲ್ಲಿ ಗುಂಪಿಗೆ ಸೇರಲು ಕಾಯುವವರ ಪಟ್ಟಿ ಉದ್ದವಾಗಿತ್ತು. ಮೂರು ತಿಂಗಳಿಂದ ಮಾತಾಡದವರನ್ನು ತೆಗೆದು ಜಾಗ ಮಾಡೋಣ ಅಂದೆ. ಎಲ್ಲರೂ ಒಪ್ಪಿದರು. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದವನೂ ನಾನೇ, ಒಂದೊಂದೇ ನಂಬರ್ ಒತ್ತಿ ತೆಗೆದವನೂ ನಾನೇ. ಮೂವತ್ತೊಂದು ಜನ. ಅದರಲ್ಲಿ ಅವನೊಬ್ಬ.

"ನೀವು ಮ್ಯಾಲೆ ಹುಡುಕ್ರಿ ಅಂದ್ರಿ" ಅಂತ ಅವನು ಹಾಲಿನ ಮೆಟ್ಟಿಲ ಮೇಲೆ ಕೂತು ಹೇಳಿದ. "ನನ್ನ ಫೋನಿನ್ಯಾಗ ಮ್ಯಾಲೆ ಏನೂ ಇದ್ದಿಲ್ರಿ ಸರ."

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವನು ಸೇರಿದ ದಿನದಿಂದ ಮುಂದಿನ ಸಂದೇಶಗಳು ಮಾತ್ರ ಅವನಿಗೆ ಕಾಣುತ್ತಿದ್ದವು. ಹಿಂದಿನ ನಾಲ್ಕು ವರ್ಷದ ಮಾತು ನಮ್ಮ ಫೋನುಗಳಲ್ಲಿ ಮಾತ್ರ ಇತ್ತು. ಎಂಟೆಕ್ ಮಾಡಿ, ಹದಿನೆಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ನನಗೆ ಇಷ್ಟು ಸಣ್ಣ ವಿಷಯ ತಲೆಗೆ ಹೊಳೆದಿರಲಿಲ್ಲ. ನನಗೆ ಕಾಣುವುದು ಎಲ್ಲರಿಗೂ ಕಾಣುತ್ತದೆ ಅಂದುಕೊಂಡಿದ್ದೆ.

ಆ ರಾತ್ರಿ ಮನೆಗೆ ಬಂದು ಹಳೆಯ ಸಂದೇಶಗಳಲ್ಲಿ ಹುಡುಕಿದೆ. ನನ್ನ ಫೋನಿನಲ್ಲಿ ಎಲ್ಲವೂ ಇತ್ತು. ಅವನ ಪ್ರಶ್ನೆ, ನನ್ನ ಉತ್ತರ, ಮೂರು ಹೆಬ್ಬೆರಳು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. 2020ರ ಮೇ ತಿಂಗಳು ಪುಣೆಯಲ್ಲಿದ್ದವರಿಗೆ ನೆನಪಿರುತ್ತದೆ. ಕರ್ನಾಟಕಕ್ಕೆ ಮರಳುವವರು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಾಸ್ ಪಡೆಯಬೇಕಿತ್ತು. ಯಾರಿಗೆ ಪಾಸ್ ಬಂತು, ಯಾವ ಚೆಕ್‌ಪೋಸ್ಟಿನಲ್ಲಿ ಏನು ಕೇಳುತ್ತಾರೆ, ಎಲ್ಲ ಸುದ್ದಿ ನಮ್ಮ ಗುಂಪಿನಲ್ಲಿ ಗಂಟೆಗಂಟೆಗೂ ಬರುತ್ತಿತ್ತು. ಸೊಲ್ಲಾಪುರದ ಮೇಲೆ ಕಲಬುರಗಿ ಕಡೆಗೆ ನಾವೇ ಒಂದು ಮಿನಿ ಬಸ್ ಗೊತ್ತುಮಾಡಿದೆವು. ಅದರಲ್ಲಿ ಎರಡು ಸೀಟು ಖಾಲಿಯೇ ಹೋದವು. ಆ ತಿಂಗಳು 18ರಂದು ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಬಾಗಿಲು ಹಾಕಿತು.

ಆ ಹೊತ್ತಿಗೆ ಈ ಹುಡುಗ ವಾಕಡ್‌ನ ಒಂದು ಪಿಜಿಯಲ್ಲಿ ಒಬ್ಬನೇ ಇದ್ದ. ಮೆಸ್ ಮುಚ್ಚಿತ್ತು. ನಮ್ಮ ಮನೆಯಿಂದ ಮೂರು ಕಿಲೋಮೀಟರ್ ದೂರವಿಲ್ಲ. ಜೂನ್‌ನಲ್ಲಿ ಅವನ ಅಕ್ಕನ ಮದುವೆ, ಐವತ್ತು ಜನರ ಮಿತಿಯಲ್ಲಿ, ಮನೆ ಮುಂದೆಯೇ ಚಪ್ಪರ ಹಾಕಿ. "ಅಕ್ಕನ ಲಗ್ನ ವಿಡಿಯೊ ಕಾಲ್‌ನ್ಯಾಗ ನೋಡಿದೆ ರೀ. ನೆಟ್‌ವರ್ಕ್ ಇರಲಿಲ್ಲ, ಅಕ್ಕಿಕಾಳು ಹಾಕೂ ಹೊತ್ತಿಗೆ ಕಟ್ ಆತು" ಅಂದ. ಬಸ್ಸಿನ ವಿಷಯ ಅವನಿಗೆ ಗೊತ್ತಾದದ್ದು ವರ್ಷದ ಮೇಲೆ. ನಾನು ಆ ಖಾಲಿ ಸೀಟುಗಳ ಬಗ್ಗೆ ಹೇಳಲು ಬಾಯಿ ತೆರೆದು ಸುಮ್ಮನಾದೆ.

ನಾನೂ ಒಮ್ಮೆ ಹೊಸಬನೇ. 2004ರಲ್ಲಿ ಸಾಗರದಿಂದ ಹುಬ್ಬಳ್ಳಿಗೆ ಬಂದು, ರಾತ್ರಿ ಬಸ್ ಹಿಡಿದು, ಬೆಳಿಗ್ಗೆ ಸ್ವಾರ್‌ಗೇಟ್‌ನಲ್ಲಿ ಇಳಿದಿದ್ದೆ. ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಎದುರಿಗೆ ಕಂಡ ಉಡುಪಿ ಹೋಟೆಲಿಗೆ ನುಗ್ಗಿ, ಗಲ್ಲಾದಲ್ಲಿ ಕೂತಿದ್ದ ಯಜಮಾನರನ್ನು "ರೂಮ್ ಎಲ್ಲಿ ಸಿಗುತ್ತೆ?" ಅಂತ ಕನ್ನಡದಲ್ಲೇ ಕೇಳಿದೆ. ಅವರು "ಮೊದಲು ತಿಂಡಿ ತಿನ್ನು ಮಾರಾಯ" ಅಂದರು. ತಿಂದಾದ ಮೇಲೆ ಬಿಲ್ಲಿನ ಹಿಂದೆ ಔಂಧ್‌ನ ಒಂದು ವಿಳಾಸ ಬರೆದುಕೊಟ್ಟರು. ಅದೇ ಪ್ರಶ್ನೆಯನ್ನು ಅವರಿಗೆ ನನಗಿಂತ ಮೊದಲು ಎಷ್ಟು ಹುಡುಗರು ಕೇಳಿದ್ದರೋ. ನನ್ನೂರಿನಲ್ಲಿ ಅಜ್ಜಿಯದೂ ಅದೇ ಕ್ರಮ. ಯಾರೇ ಬಂದರೂ ಮೊದಲು ಬೆಲ್ಲ, ನೀರು. ಬಂದ ಕೆಲಸ ಏನು ಅನ್ನುವ ಪ್ರಶ್ನೆ ಆಮೇಲೆ.

ಹಾಗಾದರೆ ಆ ಅಜ್ಜಿಯ ಮೊಮ್ಮಗ ಹೀಗೇಕಾದ? ನನ್ನ ಕಡೆಯಿಂದಲೂ ಒಂದು ಮಾತಿದೆ. ಹೊಸಬನಿಗೆ ಅದು ಮೊದಲನೇ ಪ್ರಶ್ನೆ, ಹಳಬನಿಗೆ ನೂರನೇ ಸಲ. ಮೀಟಿಂಗ್ ಮಧ್ಯೆ ಫೋನ್ ಗುಂಯ್ ಅನ್ನುತ್ತದೆ, ನೋಡಿದರೆ ಮತ್ತದೇ ಪಿಜಿ. ಜೊತೆಗೆ ಹೊಸಬರ ಹೆಸರಿನಲ್ಲಿ ಪ್ಲಾಟ್ ಮಾರುವವರು, ವಿಮೆ ಏಜೆಂಟರು ಬರುತ್ತಾರೆ. ಅವರನ್ನು ತಡೆಯಲು ಕಟ್ಟಿದ ಬೇಲಿ ಪಾಪದ ಹುಡುಗರಿಗೂ ಚುಚ್ಚುತ್ತದೆ. ಗೂಳಿಗೆಂದು ಹಾಕಿದ ಮುಳ್ಳು, ಕರುವಿಗೂ ತಾಗುತ್ತದೆ.

ಇದು ನಮ್ಮ ಗುಂಪಿನದೊಂದೇ ಕಥೆಯಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯವಾಗಿ ಬರೆಯುವವರ ಸಂಖ್ಯೆ 2007ರವರೆಗೆ ಏರಿ, ಆಮೇಲೆ ಇಳಿಯತೊಡಗಿತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಕಾರಣ ಹುಡುಕಿತು. ಪುಟ ಕೆಡಿಸುವವರನ್ನು ತಡೆಯಲು ಮಾಡಿದ ನಿಯಮಗಳು, ತಂತ್ರಾಂಶಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವನ್ನೂ ಅಳಿಸಿಹಾಕುತ್ತಿದ್ದವು. ಹಾಗೆ ಅಳಿಸಿಸಿಕೊಂಡವರು ಮತ್ತೆ ಬರುತ್ತಿರಲಿಲ್ಲ. ವಿಚಿತ್ರ ಅಂದರೆ "ಹೊಸಬರನ್ನು ಕಚ್ಚಬೇಡಿ" ಅನ್ನುವ ಮಾರ್ಗಸೂಚಿ ಅದೇ ವಿಕಿಪೀಡಿಯದಲ್ಲಿ ಇದೆ.

ನಮ್ಮ ವೃತ್ತಿಯವರಿಗೆ ಸ್ಟ್ಯಾಕ್ ಓವರ್‌ಫ್ಲೋ ಗೊತ್ತು. 2008ರಲ್ಲಿ ಶುರುವಾದ ಅಲ್ಲಿ ಹಿರಿತನಕ್ಕೆ ಅಂಕಗಳೇ ಇವೆ. ಬೇರೆಯವರ ಉತ್ತರವನ್ನು ಮೆಚ್ಚಲು 15, ಎಲ್ಲೆಡೆ ಟಿಪ್ಪಣಿ ಬರೆಯಲು 50 ಬೇಕಾಗುತ್ತಿತ್ತು. ತಾವು ಹೊಸಬರನ್ನು ಸರಿಯಾಗಿ ಬರಮಾಡಿಕೊಳ್ಳುತ್ತಿಲ್ಲ ಅಂತ 2018ರಲ್ಲಿ ಆ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಕೇಳುವ ಪ್ರಶ್ನೆಗಳು ತೀರಾ ಇಳಿದವು. ನನ್ನ ತಂಡದ ಹುಡುಗಿಯೊಬ್ಬಳನ್ನು "ಈ ಸಂದೇಹ ನನ್ನನ್ನೇ ಕೇಳಬಹುದಿತ್ತಲ್ಲ?" ಅಂದರೆ, "ಅದು ಬೈಯಲ್ಲ ಸರ್" ಅಂದಳು. ನಾನು ಯಾವಾಗ ಬೈದಿದ್ದೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಆಫೀಸಿನಲ್ಲಿ ಹೊಸಬರು ಬಂದರೆ ಮೊದಲ ತಿಂಗಳು ಅವರ ಜೊತೆ ಒಬ್ಬ ಬಡ್ಡಿಯನ್ನು ಹಾಕುತ್ತೇವೆ. (ಕನ್ನಡದಲ್ಲಿ ಬರೆದರೆ ಸಾಲದ ಬಡ್ಡಿಯ ಹಾಗೆ ಕಾಣುತ್ತದೆ, ಅರ್ಥ ಜೊತೆಗಾರ.) ಹೊಸಬ ಏನು ಬೇಕಾದರೂ, ಎಷ್ಟು ಸಲ ಬೇಕಾದರೂ ಅವನನ್ನು ಕೇಳಬಹುದು. ಸಂಬಳ ಬರುವ ಕಡೆ ಇಷ್ಟು ವ್ಯವಸ್ಥೆ ಮಾಡುವ ನಾನು, ಪ್ರೀತಿಯಿಂದ ಕಟ್ಟಿದ ಕಡೆ ಏನೂ ಮಾಡಿರಲಿಲ್ಲ. ಸಹನೆ ಒಬ್ಬೊಬ್ಬರ ಸ್ವಭಾವ ಅಂದುಕೊಂಡಿದ್ದೆ. ಅದನ್ನು ಪಾಳಿಯ ಮೇಲೆ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ ಅನ್ನುವುದು ಹೊಳೆದಿರಲಿಲ್ಲ.

2023ರಲ್ಲಿ ಎರಡು ಬದಲಾವಣೆ ಮಾಡಿದೆವು. ಪದೇಪದೇ ಬರುವ ಪ್ರಶ್ನೆಗಳಿಗೆ ಉತ್ತರ ಬರೆದು ಒಂದು ಕಡೆ ಇಟ್ಟು, ಅದರ ಕೊಂಡಿಯನ್ನು ಗುಂಪಿನ ವಿವರಣೆಯಲ್ಲೇ ಹಾಕಿದೆವು. ಇವತ್ತು ಸೇರಿದವರಿಗೂ ಕಾಣುವಂತೆ. ಇನ್ನೊಂದು, ಪ್ರತಿ ತಿಂಗಳು ಇಬ್ಬರ ಪಾಳಿ. ಹೊಸಬರನ್ನು ಮಾತಾಡಿಸುವುದು, ಉತ್ತರ ಕೊಡುವುದು ಅವರ ಕೆಲಸ. ಮಿಕ್ಕವರು ಬೇಸರವಾದರೆ ಸುಮ್ಮನಿರಬೇಕು. ನಮ್ಮಲ್ಲಿ ಇದಕ್ಕೆ ಬೆಲ್ಲ-ನೀರಿನ ಪಾಳಿ ಅಂತಲೇ ಹೆಸರು. ಅಷ್ಟರಲ್ಲಿ ವಾಟ್ಸಾಪ್ ಮಿತಿ 1024ಕ್ಕೆ ಏರಿತ್ತು, ಮೌನವಾಗಿದ್ದವರನ್ನು ತೆಗೆಯುವ ಕಾರಣವೂ ಹೋಯಿತು. ಹಳಬರಲ್ಲಿ ಇಬ್ಬರು "ಗುಂಪು ಸಂತೆಯಾಯಿತು" ಅಂತ ಬಿಟ್ಟುಹೋದರು. ಅವರಲ್ಲಿ ಒಬ್ಬರು ಗುಲಾಬಿ ಹೂವಿನವರು. ಅವರು ಹೋದದ್ದೂ ನನಗೆ ನೋವೇ.

ಹುಡುಗನಿಗೆ ಫೋನ್ ಮಾಡಿ "ತಪ್ಪಾಯ್ತು" ಅಂದೆ. "ಇರ್ಲಿ ಬಿಡ್ರಿ ಸರ" ಅಂದ. ಮತ್ತೆ ಸೇರು ಅಂದರೆ "ನೋಡೂಣ್ರಿ" ಅಂದವನು, ಸೇರಿದ್ದು ನಾಲ್ಕು ತಿಂಗಳು ಬಿಟ್ಟು. ಈಗಲೂ ಹೆಚ್ಚು ಬರೆಯುವುದಿಲ್ಲ. ತೆಗೆದ ಉಳಿದ ಮೂವತ್ತು ಜನರ ನಂಬರ್ ಎಕ್ಸೆಲ್‌ನಲ್ಲಿ ಇತ್ತು. ಒಬ್ಬೊಬ್ಬರಿಗೂ ಸಂದೇಶ ಕಳಿಸಿದೆ. ಹನ್ನೊಂದು ಜನ ಮರಳಿದರು. ಕೆಲವರು ಪುಣೆಯನ್ನೇ ಬಿಟ್ಟಿದ್ದರು. ಕೆಲವರು ಉತ್ತರಿಸಲಿಲ್ಲ, ಅವರಿಗೆ ಆ ಹಕ್ಕಿದೆ.

ಕಳೆದ ತಿಂಗಳು ಯಾದಗಿರಿ ಕಡೆಯ ಹುಡುಗಿಯೊಬ್ಬಳು ಸೇರಿದಳು. ಸೇರಿದ ಅರ್ಧ ಗಂಟೆಗೆ ಇಂಗ್ಲಿಷ್ ಅಕ್ಷರದಲ್ಲೇ ಪ್ರಶ್ನೆ: ವಾಕಡ್‌ನಲ್ಲಿ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ? ಕೊಂಡಿಯಲ್ಲಿ ಮೂರನೆಯ ಉತ್ತರವೇ ಅದು. ನನ್ನ ಬೆರಳು ಆಗಲೇ "ಈಗಾಗಲೇ" ಅಂತ ಬರೆದಿತ್ತು. ಹಳೆಯ ಚಾಳಿ. ಅಳಿಸಿ ಫೋನ್ ಕೆಳಗಿಟ್ಟೆ.

ಮತ್ತೆ ತೆಗೆದು ನೋಡುವಷ್ಟರಲ್ಲಿ ಉತ್ತರ ಬಂದಿತ್ತು. ಆ ತಿಂಗಳ ಪಾಳಿ ನಮ್ಮ ಹುಡುಗನದು. "ನಮ್ಮ ಪಿಜಿ ಹಿಂದ ಒಬ್ರು ಅಕ್ಕಾರು ಮಾಡಿ ಕೊಡ್ತಾರ, ನಂಬರ್ ಕಳಸೀನಿ ನೋಡ್ರಿ. ಶನಿವಾರ ನಾವು ನಾಕು ಮಂದಿ ಅಲ್ಲೇ ಉಣ್ಣಾಕ ಹೋಗ್ತೀವಿ. ನೀವೂ ಬರ್ರಿ."