ಗಟ್ಟಿಮೇಳದ ಹೊತ್ತಿಗೆ ಸರಿಯಾಗಿ

ಅಕ್ಕನ ಮದುವೆಯಾದದ್ದು 1994ರಲ್ಲಿ. ವಿಡಿಯೊದವನು ಕೊಟ್ಟ ಮೂರು ಗಂಟೆಯ ಕ್ಯಾಸೆಟ್ಟು ಅಪ್ಪನ ಬೀರುವಿನಲ್ಲಿ, ತೋಟದ ಪತ್ರಗಳ ಪಕ್ಕದಲ್ಲೇ ಜೋಪಾನವಾಗಿತ್ತು. ಆದರೆ ಮಲೆನಾಡಿನ ಮಳೆಗೆ ಬೀರು ಯಾವ ಲೆಕ್ಕ? ಹತ್ತು ವರ್ಷ ಕಳೆದು ತೆಗೆದು ನೋಡಿದರೆ ರೀಲಿನ ಅಂಚಿಗೆ ಬಿಳಿ ಬೂಷ್ಟು. "ಕಂಪ್ಯೂಟರ್ ಕಲಿತವನು ಅಂತ ಊರೆಲ್ಲ ಹೇಳಿಕೊಂಡು ಬಂದಿದೀನಿ, ಒಂದು ಸೀಡಿ ಮಾಡೋಕಾಗಲ್ವೇನೋ?" ಎಂದಳು ಅಮ್ಮ. ಅವಳಿಗೆ ಬೇಕಾಗಿದ್ದದ್ದು ಮದುವೆಯಲ್ಲ, ಅಜ್ಜಿ. ಅಷ್ಟು ಹೊತ್ತಿಗೆ ತೀರಿಕೊಂಡಿದ್ದ ಅಜ್ಜಿ ಓಡಾಡುವುದು, ಮಾತಾಡುವುದು ಎಲ್ಲಾದರೂ ಉಳಿದಿದ್ದರೆ ಅದು ಆ ಕ್ಯಾಸೆಟ್ಟಿನಲ್ಲೇ.

ಟೀವಿ ಟ್ಯೂನರ್ ಕಾರ್ಡು ಕೊಂಡೆ, ಗೆಳೆಯನ ಮನೆಯಿಂದ ವಿಸಿಆರ್ ಹೊತ್ತು ತಂದೆ, ಮೂರು ವಿಸಿಡಿ ರೈಟ್ ಮಾಡಿದೆ. ಮೇಲೆ 'ಅಕ್ಕನ ಮದುವೆ' ಎಂದು ಬಾಲ್‌ಪೆನ್ನಿನಲ್ಲಿ, ಒತ್ತಿ ಒತ್ತಿ, ಮುದ್ದಾಗಿ ಬರೆದೆ. ಆಮೇಲೆ ಮನೆಯವರನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿದೆ.

ಗಣಪತಿ ಪೂಜೆ ಚೆನ್ನಾಗಿಯೇ ಬಂತು. ಉಡುಗೊರೆ ಕೊಟ್ಟು ಫೋಟೊಕ್ಕೆ ನಿಂತವರಂತೂ ಕಡೆದಿಟ್ಟ ವಿಗ್ರಹಗಳು. ಗಟ್ಟಿಮೇಳ ಶುರುವಾಯಿತು ನೋಡಿ, ಪರದೆಯ ತುಂಬ ಚೌಕಚೌಕ! ಭಾವನ ಮೂಗೆಲ್ಲೋ, ಅಕ್ಕನ ಬಾಸಿಂಗವೆಲ್ಲೋ. ಹಿಂದೆ ನಿಂತ ಅಜ್ಜಿ ನಾಲ್ಕು ಕಂದು ಇಟ್ಟಿಗೆಯಾಗಿದ್ದಳು. ಮೂರನೆಯ ಡಿಸ್ಕಿನಲ್ಲಿ ಇನ್ನೊಂದು ಪ್ರಾರಬ್ಧ. ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ ಸೋದರಮಾವ ಸೌಟು ಎತ್ತಿದವನು ಎತ್ತಿದಂತೆಯೇ ನಿಂತುಬಿಟ್ಟ. ನಮ್ಮ ಕಡೆ ಇದಕ್ಕೆ 'ಸ್ಟ್ರಕ್ ಆಯ್ತು' ಎನ್ನುತ್ತಾರೆ. ಇಂಗ್ಲಿಷಿನವರು ಏನು ಬೇಕಾದರೂ ಅಂದುಕೊಳ್ಳಲಿ. "ನಿನ್ನ ಮಾವ ಬಡಿಸೋದರಲ್ಲಿ ಯಾವತ್ತೂ ಹಾಗೇ" ಎಂದರು ಅಪ್ಪ.

ಮಾವನನ್ನು ಹಿಡಿದು ನಿಲ್ಲಿಸಿದವನು ನಾನೇ ಎಂದು ತಿಳಿಯಲು ವಾರ ಹಿಡಿಯಿತು. ನಾವು ಬರೆಯುವ ಸೀಡಿಯಲ್ಲಿ ಮಾಹಿತಿ ಇರುವ ಬಣ್ಣದ ಪದರ ಹೊಳೆಯುವ ಕೆಳಬದಿಯಲ್ಲಿರುವುದಿಲ್ಲ. ಅದು ಹೆಸರು ಬರೆಯುವ ಮೇಲ್ಬದಿಗೇ ಅಂಟಿಕೊಂಡಿರುತ್ತದೆ, ಮೇಲೊಂದು ತೆಳು ಲೇಪ ಅಷ್ಟೆ. ನನ್ನ 'ಅಕ್ಕ'ನ ಒತ್ತಕ್ಷರ ಪಾಯಸದ ಮೇಲೆ ಗುಳಿಯಾಗಿ ಬಿದ್ದಿತ್ತು. ಸಾಲದ್ದಕ್ಕೆ ವಿಸಿಡಿಯಲ್ಲಿ ಜಾಗ ಮಿಗಿಸಲೆಂದು, ತಪ್ಪು ತಿದ್ದುವ ಹೆಚ್ಚಿನ ಏರ್ಪಾಡನ್ನೇ ಕೈಬಿಟ್ಟಿರುತ್ತಾರೆ. ಸಣ್ಣ ಗೀರಿಗೂ ಅದು ಮುಗ್ಗರಿಸುತ್ತದೆ.

ಚೌಕಗಳ ಕಥೆ ಬೇರೆ. ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಷಿತಾ ಕಂಪನಿಗಳು ಸೇರಿ 1993ರಲ್ಲಿ ಗೊತ್ತುಮಾಡಿದ ವಿಸಿಡಿಯ ಚಿತ್ರ ನಮ್ಮ ಟೀವಿಯ ಅಳತೆಯಲ್ಲಿ 352ಕ್ಕೆ 288 ಚುಕ್ಕಿ. ಅದನ್ನು 1024ಕ್ಕೆ 768ರ ಪರದೆಗೆ ಹಿಗ್ಗಿಸಿದರೆ ಚುಕ್ಕಿಯೊಂದು ಸುಮಾರು ಎಂಟರ ಜಾಗಕ್ಕೆ ಹರಡಿಕೊಳ್ಳಬೇಕು. ಅದಾದರೂ ಸಹಿಸಬಹುದು. ನಿಜವಾದ ತಂಟೆ ಅಕ್ಷತೆಯದು. ಎಂಪೆಗ್ ಎನ್ನುವ ವಿದ್ಯೆ ಚಿತ್ರವನ್ನು 396 ಚೌಕ ಮಾಡಿಕೊಂಡು, ಹಿಂದಿನ ಚಿತ್ರಕ್ಕೂ ಇದಕ್ಕೂ ಏನು ಬದಲಾಯಿತೋ ಅಷ್ಟನ್ನೇ ಬರೆದಿಡುತ್ತದೆ. ಸೆಕೆಂಡಿಗೆ 25 ಚಿತ್ರಕ್ಕೂ ಸೇರಿ ಅದರ ಖರ್ಚಿಗೆ 1150 ಕಿಲೋಬಿಟ್ ಮಾತ್ರ. ಫೋಟೊಕ್ಕೆ ನಿಂತವರು ಅದಕ್ಕೆ ಅಚ್ಚುಮೆಚ್ಚು, ಏನೂ ಬರೆಯಬೇಕಾಗಿಲ್ಲ. ಇನ್ನೂರು ಜನ ಒಟ್ಟಿಗೆ ಅಕ್ಕಿ ಎರಚಿದರೆ ಪ್ರತಿ ಕಾಳಿನ ಲೆಕ್ಕ ಎಲ್ಲಿಂದ ಇಟ್ಟೀತು? ಹೇಗೋ ಚೌಕ ತುಂಬಿ ಕೈ ತೊಳೆದುಕೊಳ್ಳುತ್ತದೆ. ಹೀಗಾಗಿ ಮದುವೆಯಲ್ಲಿ ನೋಡಲೇಬೇಕಾದ ಗಳಿಗೆಯೇ ವಿಸಿಡಿಯಲ್ಲಿ ಎಲ್ಲಕ್ಕಿಂತ ಕೆಟ್ಟು ಬರುತ್ತದೆ. ಇದನ್ನು ಮಾಡಿದವರು ಯಾರೂ ನಮ್ಮ ಮದುವೆಗೆ ಬಂದವರಲ್ಲ.

ಎರಡು ವರ್ಷದ ಮೇಲೆ ಡಿವಿಡಿ ರೈಟರ್ ತಂದೆ. ಬೂಷ್ಟನ್ನು ಹತ್ತಿಯಿಂದ ಒರೆಸಿ ಕ್ಯಾಸೆಟ್ಟನ್ನು ಮತ್ತೆ ಓಡಿಸಿದೆ, ಐದು ಪಟ್ಟು ಬಿಟ್ ಕೊಟ್ಟು ಎರಡು ಡಿಸ್ಕಿಗೆ ಇಳಿಸಿದೆ. ಈಗ ಚಿತ್ರ ಕುಂಟತೊಡಗಿತು! ಹಳೆಯ ಗೀರುಬಿದ್ದ ಡಿಸ್ಕುಗಳನ್ನು ಓದಲು ಹೆಣಗಿ ಹೆಣಗಿ ನನ್ನ ಡ್ರೈವಿನ ಹೆಸರು ಕೆಟ್ಟಿತ್ತು. ಆರು ತಪ್ಪು ಕಂಡ ಮೇಲೆ ವಿಂಡೋಸ್ ಎಕ್ಸ್‌ಪಿ ಅದನ್ನು ಪಿಐಒ ಎಂಬ ನಿಧಾನಗತಿಯ ಹಿಂದಿನ ಬೆಂಚಿಗೆ ಕಳಿಸುತ್ತಿತ್ತು. ಒಳ್ಳೆಯ ಡಿಸ್ಕು ಹಾಕಿದರೂ ಮುಂದಕ್ಕೆ ಕರೆಯುತ್ತಿರಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಡ್ರೈವಿನ ಚಾನೆಲ್ಲನ್ನೇ ತೆಗೆದುಹಾಕಿ ಕಂಪ್ಯೂಟರನ್ನು ಮತ್ತೆ ಶುರುಮಾಡಿದಾಗ ಕುಂಟು ಹೋಯಿತು. ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆ ಉಳಿದಿತ್ತು. ಟೀವಿಯವರು ಸೆಕೆಂಡಿಗೆ 50 ಅರ್ಧ ಚಿತ್ರ ಕಳಿಸುತ್ತಾರೆ, ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಹರಡಿ ತೋರಿಸುತ್ತದೆ. ಪ್ಯಾರಿಸಿನ ವಿದ್ಯಾರ್ಥಿಗಳು ಹುಟ್ಟುಹಾಕಿದ, ರಸ್ತೆ ರಿಪೇರಿಯ ಕಿತ್ತಳೆ ಶಂಕುವಿನ ಗುರುತಿರುವ ವಿಎಲ್‌ಸಿಯಲ್ಲಿ 'ಡಿಇಂಟರ್‌ಲೇಸ್' ಒತ್ತಿದೆ, ಹಲ್ಲು ಉದುರಿತು.

ಅಮ್ಮನನ್ನು ಕರೆದು ಗಟ್ಟಿಮೇಳ ಹಾಕಿದೆ. ಅಕ್ಷತೆ ಕಾಳುಕಾಳಾಗಿ ಬಿತ್ತು. ಹಿಂದೆ ಅಜ್ಜಿ, ಸ್ಪಷ್ಟವಾಗಿ. ವಿಡಿಯೊದವನ ಕಣ್ಣು ಕುಕ್ಕುವ ಲೈಟಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ. ಮುಖದ ಬದಲು ಅಂಗೈ. ಅಮ್ಮ ಎರಡು ಸಲ ಹಿಂದಕ್ಕೆ ಓಡಿಸಲು ಹೇಳಿದಳು. "ಅವಳು ಯಾವಾಗಲೂ ಹಾಗೇ, ಬಿಸಿಲಿಗೂ ಹಾಗೇ ನಿಲ್ಲೋಳು" ಎಂದು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು.

ಡಿಸ್ಕು ಓದುವ ಡ್ರೈವೇ ಈಗಿನ ಲ್ಯಾಪ್‌ಟಾಪುಗಳಲ್ಲಿ ಅಪರೂಪ. ನಿಮ್ಮ ಬೀರುವಿನಲ್ಲೂ ಅಂಥ ಸೀಡಿ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಹೆಸರನ್ನು ಮಾತ್ರ ಕವರಿನ ಮೇಲೆ ಬರೆಯಿರಿ.