ಬೆಲೆ ಕೇಳುವವರ ಮುಂದೆ

ನನ್ನ ಚಿತ್ರಗಳನ್ನು ಜನ ನೋಡಬೇಕು ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ಬಂದಿದ್ದೇನೆ. ಯಾವ ಜನ ಅಂತ ಯಾರೂ ತಿರುಗಿ ಕೇಳಿಲ್ಲ, ಕೇಳಿದ್ದರೆ ತೊದಲುತ್ತಿದ್ದೆ. ಗ್ಯಾಲರಿಯಲ್ಲಿ ಉದ್ಘಾಟನೆಯ ಸಂಜೆ ಬರುವವರು ಕಲಾವಿದರು, ಇಲ್ಲವೇ ಕಲಾವಿದರ ನೆಂಟರು. ಮರುದಿನದಿಂದ ವಾಚ್‌ಮನ್ ಮತ್ತು ನಾನು. ಆ ಕೊರಗು ಸುಳ್ಳಲ್ಲ. ಗ್ಯಾಲರಿಯ ಆಚೆ ಜನ ನಿಜವಾಗಿಯೂ ಸಿಕ್ಕಾಗ ನನಗಾಗುವ ಕಸಿವಿಸಿಯೂ ಸುಳ್ಳಲ್ಲ.

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ರಸ್ತೆಯ ಎರಡೂ ಬದಿ ಚಿತ್ರಗಳು, ನಡುವೆ ಲಕ್ಷಗಟ್ಟಲೆ ಜನ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕಡಲೆಕಾಯಿ ಬಿಡಿಸುತ್ತ ನಿಂತವರು. "ಇದೆಷ್ಟು ಸಾರ್? ಇದೇ ನೀಲಿಯಲ್ಲಿ ಸಿಗುತ್ತಾ? ನಮ್ಮ ಹಾಲ್‌ಗೆ ಆಗುತ್ತಿತ್ತು." ನಗುತ್ತಲೇ ಉತ್ತರಿಸುತ್ತೇನೆ, ಒಳಗೆ ಕುದಿಯುತ್ತೇನೆ. ಯಾಕೆ ಕುದಿಯಬೇಕು? ಗೋಡೆಗೆ ಹಾಕುವ ವಸ್ತುವಿನ ಬಗ್ಗೆ ಗೋಡೆ ಇರುವವರು ಕೇಳಬೇಕಾದ ಪ್ರಶ್ನೆಯೇ ಅದು. ಜನ ಬೇಕು ಎನ್ನುವ ನನ್ನ ಮಾತಿನ ಅಡಿಯಲ್ಲಿ, ನಾನೇ ಯೋಗ್ಯತೆ ಅಳೆದು ಆರಿಸಿದ ನಾಲ್ಕಾರು ಮಂದಿ ಕೂತಿದ್ದಾರೆ. ಅವರು ಸಂತೆಗೆ ಬರುವುದಿಲ್ಲ.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದಾಗ ಈ ಅಳತೆಯನ್ನು ಬದಿಗಿಟ್ಟಿರಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ಅರಮನೆಗಳಲ್ಲಿದ್ದ ಲಕ್ಷ್ಮಿ ಸರಸ್ವತಿಯರು ಬಡವರ ದೇವರ ಕೋಣೆಗೆ ಬಂದರು. ಪ್ರೆಸ್ ಸಾಲಕ್ಕೆ ಸಿಕ್ಕಿತು. ಅವರು ಅದನ್ನು ಜರ್ಮನಿಯ ಫ್ರಿಟ್ಜ್ ಶ್ಲೈಷರ್‌ಗೆ ಮಾರಿದರು. ಆಮೇಲೂ ಅಚ್ಚು ನಡೆದೇ ಇತ್ತು, ಬಣ್ಣ ಮಾತ್ರ ಅವರ ಕೈಯಲ್ಲಿರಲಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಮತ್ತೆ ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದರು. ನನಗೆ ಅರಮನೆಯೂ ಇಲ್ಲ, ಪ್ರೆಸ್ಸೂ ಇಲ್ಲ. ಜಂಬವೊಂದು ಅರಮನೆಯದೇ.

ಫೋನಿನಲ್ಲಿ ನನ್ನ ಈ ಇಬ್ಬಂದಿತನ ಇನ್ನೂ ಬೆತ್ತಲಾಗುತ್ತದೆ. ಇನ್‌ಸ್ಟಾಗ್ರಾಮಿಗೆ ಮುಗಿದ ಜಲವರ್ಣ ಹಾಕಿದರೆ ಬೆರಳು ದಾಟಿ ಹೋಗುತ್ತದೆ. ಒದ್ದೆ ಕಾಗದದ ಮೇಲೆ ಬಣ್ಣ ಹರಡುವ ವಿಡಿಯೊ ಹಾಕಿದರೆ ಅಪರಿಚಿತರು ನಿಂತು ನೋಡುತ್ತಾರೆ. ಹಾಗಾಗಿ ಈಗ ವಾಷ್ ಹಾಕುವ ಮುನ್ನ ಕ್ಯಾಮೆರಾ ಎಲ್ಲಿದೆ ಅಂತ ಕಣ್ಣು ಹಾಯುತ್ತದೆ. ಅಂಗೈ ಅಗಲದ ಪರದೆಯಲ್ಲಿ ನನಗಿಷ್ಟವಾದ ಮಸುಕು ಬೂದು ಸತ್ತುಹೋಗುವುದರಿಂದ ಅಂಚು ಗಾಢವಾಗಿದೆ, ಕೆಂಪು ಹೆಚ್ಚಿದೆ. ಇದು ರಾಜಿಯೋ, ಕಲ್ಲಚ್ಚಿಗೆ ತಕ್ಕ ಗೆರೆಯಿದ್ದಂತೆ ಪರದೆಗೆ ತಕ್ಕ ಕಸುಬೋ, ನನ್ನಲ್ಲಿ ಇತ್ಯರ್ಥವಾಗಿಲ್ಲ.

ಚಿತ್ರ ಮೂಡುವುದನ್ನು ಜನ ನಿಂತು ನೋಡುವುದು ಫೋನಿನಿಂದ ಶುರುವಾದದ್ದಲ್ಲ. ಚಿತ್ರಕಾರ ಬಿ.ಕೆ.ಎಸ್. ವರ್ಮ ತುಂಬಿದ ಸಭೆಯ ಎದುರು, ಹಾಡು ಕಾವ್ಯಗಳ ಜೊತೆ ನೋಡನೋಡುತ್ತಿದ್ದಂತೆ ಚಿತ್ರ ಮುಗಿಸುತ್ತಿದ್ದರು. ಅದನ್ನು ಪ್ರದರ್ಶನದ ಚಟ ಎಂದು ಗೊಣಗಿದ ಗುಂಪಿನಲ್ಲಿ ನಾನೂ ಇದ್ದೆ. ಆ ಸಭೆಯಲ್ಲಿ ಕ್ಯಾನ್ವಾಸನ್ನು ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಜನ ನೋಡಿದರು. ನನ್ನ ಗ್ಯಾಲರಿ ಗೆಳೆಯರು ನನ್ನ ಒಂದು ಚಿತ್ರವನ್ನೂ ಅಷ್ಟು ಹೊತ್ತು ನೋಡಿಲ್ಲ. ಹೀಗೆ ಬರೆದ ಮೇಲೂ ಗೊಣಗು ಪೂರ್ತಿ ಹೋಗಿಲ್ಲ, ಅದು ಬೇರೆ ಮಾತು.

ಮುಂದಿನ ಸಂತೆಗೆ ಅರ್ಜಿ ಹಾಕುವುದಂತೂ ಖಚಿತ. ಮಳಿಗೆಯಲ್ಲಿ ಯಾರು ಕೂರಬೇಕು ಎನ್ನುವುದು ಮನೆಯಲ್ಲಿ ಚರ್ಚೆಯಲ್ಲಿದೆ. ತಮ್ಮ ಕೂತರೆ ಚಿತ್ರ ಮಾರಾಟವಾಗುತ್ತದೆ. ನಾನು ಕೂತರೆ, ಬೆಲೆ ಕೇಳಿದವರ ಅರ್ಹತೆ ವಿಚಾರಿಸುತ್ತೇನೆ ಎನ್ನುತ್ತಾನೆ ಅವನು.