ಮದುವೆ ವಿಡಿಯೋಗೆ ಎಂಥ ಕಂಪ್ಯೂಟರ್ ಬೇಕು?

ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರಿಗೆ ನೆಂಟರಿಂದ ಬರುವ ಪ್ರಶ್ನೆಗಳಲ್ಲಿ ಎರಡು ಖಾಯಂ. ಒಂದು, "ಮದುವೆ ಯಾವಾಗ?" ಇನ್ನೊಂದು, "ಯಾವ ಕಂಪ್ಯೂಟರ್ ತಗೊಳ್ಳೋದು?" ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ :) ಎರಡನೆಯದಕ್ಕೆ ಇದೆ. ಆದರೆ ಕೇಳಿದವರಿಗೆ ಅದು ಸಾಮಾನ್ಯವಾಗಿ ಇಷ್ಟ ಆಗಲ್ಲ.

ಈ ಸಲ ಕೇಳಿದ್ದು ಭದ್ರಾವತಿಯ ನಮ್ಮ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೋ ಮಾಡ್ತಾನೆ. ಭದ್ರಾವತಿ ಅಂದ್ರೆ ಗೊತ್ತಲ್ಲ, 1923ರಿಂದ ಕಬ್ಬಿಣ ಕಾಯಿಸಿದ ಊರು. ಈಗ ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು. ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂತು. ಅಪ್ಪ ಮಾಡಿದ ಕೆಲಸ ಮಗನಿಗೂ ಸಿಗುತ್ತೆ ಅನ್ನುವ ಕಾಲ ಹೋಯ್ತು. ಬೆಂಗಳೂರಿನ ಬಸ್ ಹತ್ತದೆ ಊರಲ್ಲೇ ಉಳಿದವರಿಗೆ ಇಂಥ ಸ್ವಂತ ಕಸುಬೇ ಗತಿ.

ಅಣ್ಣ ಶಿವಮೊಗ್ಗದ ಒಂದು ಅಂಗಡಿಯಿಂದ ಚೀಟಿ ಬರೆಸಿಕೊಂಡು ಬಂದಿದ್ದ. ಒಟ್ಟು 1,80,000 ರೂಪಾಯಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಗ್ರಾಫಿಕ್ಸ್ ಕಾರ್ಡಿಗೇ! ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿಯನ್ನೂ ತಂದಿಟ್ಟುಕೊಂಡಿದ್ದ. "ಧನುರ್ಮಾಸ ಮುಗಿದ್ರೆ ಸೀಸನ್ ಶುರು ಮಾರಾಯ, ಟೈಮ್‌ಲೈನ್ ಒಂದು ಸೆಕೆಂಡ್ ಓಡುತ್ತೆ, ಹತ್ತು ಸೆಕೆಂಡ್ ನಿಲ್ಲುತ್ತೆ" ಅಂದ.

ದುಡ್ಡು ಹಾಕುವ ಮೊದಲು ಎಲ್ಲಿ ಸಿಕ್ಕಿಕೊಳ್ತಿದೆ ಅಂತ ನೋಡಬೇಕಲ್ವಾ? ಅವನ ಹಳೇ ಡೆಸ್ಕ್‌ಟಾಪ್‌ನಲ್ಲಿ ಎಂಟನೇ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, ಎಲ್ಲದಕ್ಕೂ ಸೇರಿ ಒಂದೇ ಹಾರ್ಡ್ ಡಿಸ್ಕ್. ಎಡಿಟಿಂಗ್ ಶುರು ಮಾಡಿಸಿ ಪಕ್ಕದಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ರ್‍ಯಾಮ್ ತುಂಬಿ ತುಳುಕ್ತಿತ್ತು. ಡಿಸ್ಕ್ ನೂರಕ್ಕೆ ನೂರು. ಪ್ರೊಸೆಸರ್ ಏದುಸಿರು ಬಿಡ್ತಿತ್ತು. ಇದ್ದ ಸಣ್ಣ ಗ್ರಾಫಿಕ್ಸ್ ಕಾರ್ಡ್ ಮಾತ್ರ ಮದುವೆ ಮನೆಯಲ್ಲಿ ಕಾಲು ಚಾಚಿ ಕೂತ ಬೀಗರ ಥರ ಆರಾಮಾಗಿತ್ತು.

ಯಾಕೆ ಹೀಗೆ? ಒಂದು ಸಣ್ಣ ಲೆಕ್ಕ ನೋಡಿ. ಹಿಂದೆ ಮದುವೆಗಳನ್ನು ಮಿನಿ ಡಿವಿ ಕ್ಯಾಸೆಟ್‌ನಲ್ಲಿ ತೆಗೀತಿದ್ದರು. ಒಂದು ಫ್ರೇಮ್ ಅಂದ್ರೆ 720×576, ಅಂದರೆ 4,14,720 ಚುಕ್ಕಿಗಳು. ಈಗಿನ 4ಕೆ ಫ್ರೇಮ್ 3840×2160, ಅಂದರೆ 82,94,400 ಚುಕ್ಕಿಗಳು. ಸರಿಯಾಗಿ ಇಪ್ಪತ್ತು ಪಟ್ಟು! ಆದರೆ ಡಿವಿಯ ವಿಡಿಯೋ ಸೆಕೆಂಡಿಗೆ 25 ಮೆಗಾಬಿಟ್, ಅಣ್ಣನ ಕ್ಯಾಮೆರಾದ್ದು 100. ಬರೀ ನಾಲ್ಕು ಪಟ್ಟು. ಉಳಿದದ್ದೆಲ್ಲ ಎಲ್ಲಿ ಹೋಯ್ತು?

ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಬೇಕಾದ ಫ್ರೇಮನ್ನು ನೇರವಾಗಿ ಬಿಚ್ಚಿ ತೋರಿಸಬಹುದು. ಪೆಂಟಿಯಂ 4 ಕಾಲದಲ್ಲೂ ಎಡಿಟಿಂಗ್ ಸಾಧ್ಯ ಆಗಿದ್ದು ಅದಕ್ಕೇ. ಈಗಿನ ಎಚ್.264, ಎಚ್.265 ಹಾಗಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ ಇಟ್ಟು, ಮಿಕ್ಕ ಫ್ರೇಮ್‌ಗಳಲ್ಲಿ "ಹಿಂದಿನ ಥರಾನೇ, ಪುರೋಹಿತರ ಕೈ ಮಾತ್ರ ಸ್ವಲ್ಪ ಮೇಲೆ" ಅಂತ ವ್ಯತ್ಯಾಸ ಮಾತ್ರ ಬರೆದಿಡುತ್ತೆ. ಸುಮ್ಮನೆ ಕೂತು ನೋಡೋಕೆ ತೊಂದರೆ ಇಲ್ಲ. ಎಡಿಟ್ ಮಾಡುವವನು ಹಿಂದೆ ಮುಂದೆ ಎಳೀತಾನಲ್ಲ, ಆಗ ಒಂದು ಫ್ರೇಮ್ ತೋರಿಸೋಕೆ ಹಿಂದಿನ ಎಷ್ಟೋ ಫ್ರೇಮ್‌ಗಳನ್ನು ಬಿಚ್ಚಬೇಕು. ಬಿಚ್ಚಿದ ಮೇಲೆ ಒಂದೊಂದೂ ಸುಮಾರು 25 ಎಂಬಿ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್ ಅಂದ್ರೆ 620 ಎಂಬಿಗೂ ಹೆಚ್ಚು. 8 ಜಿಬಿ ರ್‍ಯಾಮ್ ಪಾಪ ಏನು ಮಾಡುತ್ತೆ?

ಇದಕ್ಕೆ ಪ್ರಾಕ್ಸಿ ಅಂತ ಒಂದು ಉಪಾಯ ಇದೆ. ಮೂಲ ಫೈಲುಗಳಿಗೆ ಚಿಕ್ಕ ಅಳತೆಯ, ಫ್ರೇಮ್‌ಗಳೆಲ್ಲ ಸ್ವತಂತ್ರವಾಗಿರುವ ನಕಲು ಮಾಡಿಕೊಳ್ಳೋದು. ಕತ್ತರಿಸೋದು, ಜೋಡಿಸೋದು ನಕಲಿನಲ್ಲಿ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಮೂಲ 4ಕೆ ಫೈಲ್ ತಗೊಳ್ಳುತ್ತೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದು ಸಿಗುತ್ತೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದೆವು. ಬೆಳಿಗ್ಗೆ ಅದೇ ಹಳೇ ಡಬ್ಬದಲ್ಲಿ ಟೈಮ್‌ಲೈನ್ ನಿಲ್ಲದೆ ಓಡಿತು. ಅಣ್ಣ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ "ಹಂಗಾದ್ರೆ ಸಾಲ?" ಅಂದ.

ಸಾಲ ಬೇಡ ಅಂತ ಆಯ್ತು. ತಂದಿದ್ದು ಇಷ್ಟು: 32 ಜಿಬಿ ರ್‍ಯಾಮ್, ನಡೀತಿರುವ ಕೆಲಸ ಇಡೋಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಒಂದು ಯುಪಿಎಸ್ (ಮಲೆನಾಡಿನ ಮಳೆಗಾಲದಲ್ಲಿ ಇದಿಲ್ಲದೆ ರೆಂಡರಿಂಗಿಗೆ ಹಾಕೋದು ಜೂಜು), ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಚೀಟಿಯಲ್ಲಿದ್ದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ.

ಹಾಗಂತ ಗ್ರಾಫಿಕ್ಸ್ ಕಾರ್ಡ್ ದಂಡ ಅಂತಲ್ಲ. ಬಣ್ಣ ತಿದ್ದೋದು, ಕತ್ತಲಲ್ಲಿ ತೆಗೆದ ಆರತಕ್ಷತೆಯ ಕಾಳು ಕಾಳು ಚಿತ್ರ ಶುದ್ಧ ಮಾಡೋದು ಅದರದ್ದೇ ಕೆಲಸ. ಮುಂದೆ ಅಣ್ಣ 10 ಬಿಟ್ 4:2:2 ತೆಗೆಯುವ ಕ್ಯಾಮೆರಾ ಕೊಂಡರೆ ಲೆಕ್ಕ ಬದಲಾಗುತ್ತೆ. ಎನ್‌ವಿಡಿಯಾದ ಕಾರ್ಡುಗಳಲ್ಲಿ ಅಂಥ ವಿಡಿಯೋ ಬಿಚ್ಚುವ ಯಂತ್ರಾಂಶ ಬಂದಿದ್ದೇ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಮೊದಲು ಕ್ಯಾಮೆರಾ ಏನು ಬರೆಯುತ್ತೆ ನೋಡಿ, ಆಮೇಲೆ ಕಂಪ್ಯೂಟರ್. ಉಲ್ಟಾ ಅಲ್ಲ.

ಎರಡು ಎಕ್ಸ್‌ಟರ್ನಲ್ ಡಿಸ್ಕ್ ಯಾಕೆ ಅಂತ ಅಣ್ಣನೂ ಕೇಳಿದ. ಅವನ ಕ್ಯಾಮೆರಾದಲ್ಲಿ ಗಂಟೆಗೆ 45 ಜಿಬಿ ಆಗುತ್ತೆ. ಎರಡು ಕ್ಯಾಮೆರಾ ಸೇರಿ ಎಂಟು ಗಂಟೆ ತೆಗೆದರೆ 360 ಜಿಬಿ. ಜಾಗ ಸಾಲದೆ ಒಂದೇ ಪ್ರತಿ ಇಟ್ಟುಕೊಳ್ಳುವವರು ಬಹಳ ಜನ. ಟೈಮ್‌ಲೈನ್ ನಿಧಾನ ಆದರೆ ಒಂದು ವಾರ ತಡ ಆಗುತ್ತೆ, ಅಷ್ಟೇ. ಡಿಸ್ಕ್ ಸತ್ತರೆ? ಮುಹೂರ್ತ ಮತ್ತೆ ಬರಲ್ಲ. ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದ ಅಜ್ಜಿ ಮುಂದಿನ ವರ್ಷ ಇರದೇ ಹೋಗಬಹುದು. ಆ ಮನೆಯವರ ಹತ್ತಿರ ಅಜ್ಜಿ ನಕ್ಕಿದ್ದು, ಮಾತಾಡಿದ್ದು ಇರೋದು ಆ ಒಂದು ಫೈಲಿನಲ್ಲಿ ಮಾತ್ರ ಆಗಿರಬಹುದು.

ಕಾರ್ಡ್ ಖಾಲಿ ಮಾಡುವ ಮೊದಲು ಎರಡು ಡಿಸ್ಕಿಗೂ ಪ್ರತಿ ಆಗಬೇಕು, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯ ಬೀರುವಿನಲ್ಲಿ. ಈಗ ಅಣ್ಣ ಹಾಗೇ ಮಾಡ್ತಿದ್ದಾನೆ. ನೀವೂ ಈ ಕಸುಬಿನಲ್ಲಿದ್ದರೆ ಅಥವಾ ನಿಮ್ಮ ಮನೆಯಲ್ಲಿ ಮದುವೆ ಇದ್ದರೆ, ವಿಡಿಯೋದವರನ್ನು ಇದೊಂದು ಮಾತು ಕೇಳಿ ನೋಡಿ: "ಎಷ್ಟು ಪ್ರತಿ ಇಟ್ಟಿದ್ದೀರಿ?"